ಚಂದ್ರಿಕೆಗೆ ಚಿತ್ರ ಸಿಕ್ಕಿಸಿ, ಊರೂರು ಸುತ್ತಿ

ಹಳ್ಳಿಗೆ ಚಿತ್ರಪ್ರದರ್ಶನ ಒಯ್ಯಬೇಕೆನ್ನುವ ತಂಡಗಳು ಮೊದಲು ಬ್ಯಾನರ್ ಮಾಡಿಸುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆ ಮೊದಲು ಕೇಳಬೇಕಾದ್ದು ರೇಷ್ಮೆ ಹುಳ ಎಷ್ಟನೇ ಜ್ವರದಲ್ಲಿದೆ, ಅಂದರೆ ಎಷ್ಟನೇ ಸಲ ಪೊರೆ ಬಿಡುತ್ತಿದೆ ಎಂದು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಹಾಕುವುದರಲ್ಲೇ ಮನೆಮಂದಿಗೆ ಹಗಲು ರಾತ್ರಿ ಕಳೆಯುತ್ತದೆ. ಆಗ ರವಿವರ್ಮನೇ ಬಂದು ನಿಂತರೂ ಯಾರೂ ತಿರುಗಿ ನೋಡುವುದಿಲ್ಲ. ಹೆಚ್ಚಿನ ಮನೆಗಳ ಗೂಡು ಮಾರುಕಟ್ಟೆ ಸೇರಿದ ಮೇಲೆ ದಿನ ಗೊತ್ತು ಮಾಡಿ. ಮಾಗಡಿಯಲ್ಲಿ ರಾಗಿ ಕಣ, ಅವರೆಕಾಯಿ ಮುಗಿಯಲಿ. ಸಂಕ್ರಾಂತಿ ಕಳೆದು ಮಾವಿನ ಕೊಯ್ಲು ಶುರುವಾಗುವ ತನಕ ಒಳ್ಳೆಯ ಕಾಲ, ಮಳೆಯ ಕಾಟವೂ ಕಡಿಮೆ.

ಜಾಗಕ್ಕೆ ಹಾಲಿನ ಡೈರಿ ಎದುರಿನ ಬಯಲಿಗಿಂತ ಉತ್ತಮವಾದದ್ದು ನನಗೆ ಕಂಡಿಲ್ಲ. ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಊರೇ ಸಾಲು ನಿಲ್ಲುತ್ತದೆ, ಹೆಂಗಸರೂ ಬರುತ್ತಾರೆ. ದೇವಸ್ಥಾನದ ಜಗುಲಿ ಕೊಡುತ್ತೇವೆ ಎಂದರೆ, ಅದು ಎಲ್ಲರೂ ಹತ್ತುವ ಜಗುಲಿಯೇ ಎಂದು ವಿಚಾರಿಸಿಕೊಂಡು ಒಪ್ಪಿ. ಪಂಚಾಯಿತಿಗೆ ಒಂದು ಅರ್ಜಿ, ಡೈರಿ ಕಾರ್ಯದರ್ಶಿಗೆ ಒಂದು ಮಾತು ಸಾಕು.

ಇನ್ನು ಚಿತ್ರ ತೂಗುಹಾಕುವುದು. ಗೋಡೆಗೆ ಮೈದಾ ಅಂಟು ಹಚ್ಚಬೇಡಿ, ಮೇಕೆಗಳು ಹಾಳೆಸಮೇತ ಎಳೆದು ತಿನ್ನುತ್ತವೆ. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಬಿಡುವಿನಲ್ಲಿ ಗೋಡೆಗೆ ಒರಗಿಯೇ ಇರುತ್ತದೆ. ಆಳೆತ್ತರದ ಆ ಚಾಪೆಯ ಮೇಲೆ ಸುತ್ತುಸುತ್ತಾಗಿ ಎದ್ದ ದಬ್ಬೆಗೆ ಬಟ್ಟೆ ಕ್ಲಿಪ್ಪಿನಿಂದ ಹಾಳೆ ಸಿಕ್ಕಿಸಿದರೆ ಗಾಳಿಗೂ ಜಗ್ಗುವುದಿಲ್ಲ. ಹತ್ತು ಚಂದ್ರಿಕೆ ಸಾಲಾಗಿ ನಿಲ್ಲಿಸಿದರೆ ಗ್ಯಾಲರಿ ಸಿದ್ಧ. ಒಂದು ಎಚ್ಚರ: ಒಂದೂರಿನ ಚಂದ್ರಿಕೆಯನ್ನು ಟಾಟಾ ಏಸ್‌ಗೆ ಹಾಕಿಕೊಂಡು ಇನ್ನೊಂದೂರಿಗೆ ಹೋಗಲೇಬೇಡಿ. ಹುಳಕ್ಕೆ ಬರುವ ಹಾಲುತೊಂಡೆ, ಸುಣ್ಣಕಟ್ಟು ರೋಗ ಅದರ ಜೊತೆಗೇ ಪ್ರಯಾಣ ಮಾಡುತ್ತವೆ. ಆಯಾ ಊರಿನದನ್ನು ಅಲ್ಲೇ ಪಡೆದು, ಅವರವರ ಮನೆಗೇ ಒಪ್ಪಿಸಿ; ಮತ್ತೆ ಹುಳ ಬಿಡುವ ಮೊದಲು ಸೋಂಕು ತೆಗೆಯಲು ಹೇಳಿ. ಟರ್ಪೆಂಟೈನ್ ಡಬ್ಬಿ, ಸೊಳ್ಳೆಬತ್ತಿ ಹುಳದ ಮನೆಯಿಂದ ದೂರವಿರಲಿ.

ಏನನ್ನು ತೋರಿಸಬೇಕು? ನೀವು ತಂದದ್ದು ಅರ್ಧ ಸಾಕು, ಉಳಿದ ಚಂದ್ರಿಕೆಗಳನ್ನು ಊರಿನವರು ತರುವ ಚಿತ್ರ, ಸಾಮಾನಿಗೆ ಖಾಲಿ ಬಿಡಿ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕವೆಂಬ ಸಂಗ್ರಹಾಲಯ ತುಂಬಿರುವುದೇ ಹಳ್ಳಿಮನೆಗಳ ಸಾಮಾನಿನಿಂದ. ಹೊರಡುವ ಮೊದಲು ತಂಡ ಒಂದು ದಿನ ಅಲ್ಲಿ ಕಳೆಯಲಿ. ಒನಕೆ, ಕೊಳಗಗಳನ್ನೂ ನಿಂತು ನೋಡುವಂತೆ ಇಡುವುದು ಹೇಗೆಂದು ತಿಳಿಯುತ್ತದೆ. ತೊಗಲುಗೊಂಬೆಗಳನ್ನೂ ನೋಡಿ. ಅವನ್ನು ಆಡಿಸುವ ಗೊಂಬೆರಾಮರು ಚಿತ್ರಗಳನ್ನು ಗಂಟು ಕಟ್ಟಿ ಊರೂರು ತಿರುಗಿದವರು. ಸೋಮನ ಕುಣಿತವಿರುವ ಊರಲ್ಲಿ ಕುಣಿತದ ಮುಖವಾಡವೇ ದೇವರು. ಹೊರಗೆ ತರಬಹುದೇ ಎಂದು ಪೂಜಾರಿಯನ್ನು ಕೇಳಿ, ಬೇಡವೆಂದರೆ ಅಲ್ಲಿಗೇ ಬಿಡಿ.

ಚನ್ನಪಟ್ಟಣದ ಬೊಂಬೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ದಂಡ. ಆ ಕಸುಬಿನವರೊಬ್ಬರನ್ನು ಕೂಲಿ ಕೊಟ್ಟೇ ಕರೆದುಕೊಂಡು ಬನ್ನಿ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ತಾಳೆಗರಿ ಹಿಡಿದರೆ ಮಂಕಾಗಿದ್ದ ಹಳದಿ ಕಣ್ಣೆದುರೇ ಮಿಂಚುತ್ತದೆ. ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ವಿವರದ ಚೀಟಿ ಎರಡೇ ಸಾಲಿನದಾಗಿರಲಿ, ಅಕ್ಷರ ಬಸ್ಸಿನ ಬೋರ್ಡಿನಷ್ಟು ದಪ್ಪವಿರಲಿ. ಉದ್ಘಾಟನಾ ಭಾಷಣ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಹಿಂದಿನ ಸಂಜೆ ತಮಟೆಯವರಿಂದ ಸಾರಿಸಿ, ಅವರ ಕೂಲಿ ಅಂದೇ ಕೊಡಿ.

ಎರಡು ದಿನ ಇದ್ದು ಹೊರಡುವಾಗ ಊರಿನ ಮಕ್ಕಳು ಬರೆದ ಹತ್ತು ಚಿತ್ರ ಕೇಳಿ ಪಡೆಯಿರಿ. ಕೆಳಗೆ ಮಗುವಿನ ಹೆಸರು, ಊರಿನ ಹೆಸರು ದೊಡ್ಡದಾಗಿ ಬರೆಸಿ. ಮುಂದಿನ ಊರಲ್ಲಿ ಕ್ಯಾನು ಹಿಡಿದು ಬಂದವರು ಎಲ್ಲಕ್ಕಿಂತ ಮೊದಲು ಹುಡುಕುವುದು ನೆಂಟರ ಊರಿನ ಚಿತ್ರವನ್ನೇ.