ಲಿನಕ್ಸ್ ಕಲಿಯುವವರಿಗೆ: ಡೆಸ್ಕ್‌ಟಾಪ್ ಬದಲಾಯಿಸುವ ಕ್ರಮ

ನಮ್ಮ ವಾಚನಾಲಯದ ಮೂಲೆಯಲ್ಲಿರುವ ಕಂಪ್ಯೂಟರನ್ನು ಓದುಗ ಬಂಧುಗಳೆಲ್ಲರೂ ಬಲ್ಲರು. ಎರಡು ಗಿಗಾಬೈಟ್ ಮೆಮರಿಯ ಹಳೆಯ ಯಂತ್ರವದು. ಅದರಲ್ಲಿದ್ದ ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ ಹಾಕೋಣವೆಂದರೆ ಅದು ಕನಿಷ್ಠ ನಾಲ್ಕು ಗಿಗಾಬೈಟ್ ಮೆಮರಿಯನ್ನು ಬೇಡುತ್ತದೆ. ಹೊಸ ಯಂತ್ರ ಕೊಳ್ಳುವಷ್ಟು ಹಣ ಸಂಘದಲ್ಲಿಲ್ಲ. ಆದಕಾರಣ ಬೆಲೆಯಿಲ್ಲದೆ ದೊರೆಯುವ ಲಿನಕ್ಸಿನ ಉಬುಂಟು ಎಂಬ ಬಗೆಯನ್ನು ಹಾಕಿದೆವು. ಯಂತ್ರ ನಡೆಯಿತು, ಆದರೆ ತೆವಳುತ್ತ ನಡೆಯಿತು. ಗುಜರಿಗೆ ಕೊಟ್ಟುಬಿಡಿರೆಂದು ಕೆಲವರು ಸಲಹೆಯಿತ್ತರು. ನಾವು ಹಾಗೆ ಮಾಡದೆ ಡೆಸ್ಕ್‌ಟಾಪನ್ನು ಬದಲಾಯಿಸಿದೆವು. ಬದಲಾಯಿಸುವಾಗ ಒಂದು ತಪ್ಪನ್ನೂ ಮಾಡಿದೆವು. ಇಂತಹ ಹಳೆಯ ಯಂತ್ರಗಳು ಹಲವು ಸದಸ್ಯರ ಮನೆಗಳಲ್ಲಿಯೂ ಇರುವುದರಿಂದ, ಆ ಕೆಲಸವನ್ನೂ ಆ ತಪ್ಪನ್ನೂ ಈ ಪಾಠದಲ್ಲಿ ವಿವರಿಸುತ್ತೇವೆ.

೧. ಡೆಸ್ಕ್‌ಟಾಪ್ ಎಂದರೇನು?

ನಮ್ಮಲ್ಲಿ ಅನೇಕರು ಉಡುಪಿ ಹೋಟೆಲುಗಳಲ್ಲಿ ದುಡಿದವರು; ಮಿಕ್ಕವರು ಅಲ್ಲಿ ಉಂಡವರು. ಹೋಟೆಲಿಗೆ ಒಳಗೊಂದು ಅಡಿಗೆಮನೆ, ಹೊರಗೊಂದು ಹಜಾರ. ಒಲೆ, ದಾಸ್ತಾನು, ಭಟ್ಟರು ಒಳಗೆ. ಮೇಜು, ಗಲ್ಲಾ, ತಿಂಡಿಪಟ್ಟಿ ಹೊರಗೆ. ಯಜಮಾನರು ಮೇಜುಗಳನ್ನು ತೆಗೆಸಿ, ನಿಂತು ತಿನ್ನುವ ಕಟ್ಟೆ ಹಾಕಿಸಿದರೂ ಇಡ್ಲಿಯ ಹಿಟ್ಟು ಬದಲಾಗುವುದಿಲ್ಲ.

ಲಿನಕ್ಸಿನಲ್ಲಿಯೂ ಹೀಗೆಯೇ. ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಹೊರತಂದ ಕರ್ನೆಲ್ ಎಂಬುದೇ ಅಡಿಗೆಮನೆ. ಡಿಸ್ಕು, ಮೆಮರಿ, ಕೀಲಿಮಣೆ ಮುಂತಾದುವನ್ನು ನಡೆಸುವುದು ಅದರ ಕೆಲಸ. ತೆರೆಯ ಮೇಲೆ ನಮಗೆ ಕಾಣುವ ಪಟ್ಟಿ, ಮೆನು, ಕಿಟಕಿಗಳ ಅಂಚು, ಗಡಿಯಾರ, ಫೈಲುಗಳನ್ನು ತೋರಿಸುವ ಸಾಧನ ಇವೆಲ್ಲ ಸೇರಿ ಹಜಾರ. ಈ ಹಜಾರಕ್ಕೆ ಡೆಸ್ಕ್‌ಟಾಪ್ ಎಂದು ಹೆಸರು. ವಿಂಡೋಸಿನಲ್ಲಿ ಎರಡೂ ಒಂದೇ ಗಂಟಾಗಿ ಬರುತ್ತವೆ. ಲಿನಕ್ಸಿನಲ್ಲಾದರೋ ಹಜಾರವನ್ನು ನಾವೇ ಆರಿಸಿಕೊಳ್ಳಬಹುದು; ಎರಡು ಮೂರನ್ನು ಒಟ್ಟಿಗೆ ಇಟ್ಟುಕೊಂಡು ಬೇಕಾದುದರಲ್ಲಿ ಕುಳಿತುಕೊಳ್ಳಲೂಬಹುದು.

ಇನ್ನು, ನೀವು ಬರೆದ ಅರ್ಜಿ, ಕೂಡಿಟ್ಟ ಫೋಟೋ, ಲೆಕ್ಕದ ಹಾಳೆ ಇವು ಎಲ್ಲಿರುತ್ತವೆ? ನಿಮ್ಮ ಹೆಸರಿನ ಹೋಮ್ ಎಂಬ ಫೋಲ್ಡರಿನಲ್ಲಿ. ಅದು ಹಜಾರದ ಭಾಗವಲ್ಲ. ಹಜಾರ ಬದಲಾದರೂ ಆ ಪೆಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಹೊಸಬರ ಅರ್ಧ ಭಯ ಇಷ್ಟನ್ನು ತಿಳಿದರೆ ಹೋಗುತ್ತದೆ.

೨. ಇಷ್ಟು ಡೆಸ್ಕ್‌ಟಾಪುಗಳು ಏಕೆ?

೧೯೯೬ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಕೆಡಿಇ ಎಂಬುದನ್ನು ಆರಂಭಿಸಿದರು. ಅದಕ್ಕೆ ಆಧಾರವಾಗಿದ್ದ ಕ್ಯೂಟಿ ಎಂಬ ಸಾಮಗ್ರಿಯ ಲೈಸೆನ್ಸು ಆಗ ಪೂರ್ಣ ಸ್ವತಂತ್ರವಾಗಿರಲಿಲ್ಲ. ಅದನ್ನೊಪ್ಪದವರು ೧೯೯೭ರಲ್ಲಿ ಗ್ನೋಮ್ ಎಂಬುದನ್ನು ಕಟ್ಟತೊಡಗಿದರು. ಮೆಕ್ಸಿಕೋದ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೆನಾ ಅದರ ಮೊದಲಿಗರು. ಎಕ್ಸ್‌ಎಫ್‌ಸಿಇ ಎಂಬ ಹಗುರವಾದುದನ್ನು ೧೯೯೬ರಲ್ಲಿಯೇ ಒಲಿವಿಯೆ ಫೂರ್ಡಾನ್ ಆರಂಭಿಸಿದ್ದರು.

೨೦೧೧ರಲ್ಲಿ ಗ್ನೋಮ್ ತನ್ನ ಮೂರನೆಯ ಆವೃತ್ತಿಯಲ್ಲಿ ರೂಪವನ್ನೇ ಬದಲಿಸಿತು. ಹಳೆಯ ರೂಢಿಯವರಿಗೆ ಕೈ ತಡವರಿಸಿತು. ಅವರಲ್ಲಿ ಕೆಲವರು ಹಳೆಯ ಗ್ನೋಮನ್ನೇ ಮಾಟೆ ಎಂಬ ಹೆಸರಿನಿಂದ ಉಳಿಸಿಕೊಂಡರು. ಲಿನಕ್ಸ್ ಮಿಂಟಿನವರು ಸಿನಮನ್ ಎಂಬುದನ್ನು ಕಟ್ಟಿದರು. ಬರೆದ ಕ್ರಮವಿಧಿಯು ಎಲ್ಲರ ಕೈಗೂ ತೆರೆದಿದ್ದುದರಿಂದ ಇದು ಸಾಧ್ಯವಾಯಿತು. ಒಬ್ಬರಿಗೆ ಸರಿಬೀಳದ ಹಜಾರವನ್ನು ಇನ್ನೊಬ್ಬರ ಮೇಲೆ ಹೇರುವ ಅಧಿಕಾರ ಇಲ್ಲಿ ಯಾರಿಗೂ ಇಲ್ಲ.

೩. ಯಾವುದನ್ನು ಆರಿಸಬೇಕು?

ಚೆಲುವನ್ನು ನೋಡಿ ಆರಿಸುವುದಕ್ಕಿಂತ ಯಂತ್ರದ ಶಕ್ತಿಯನ್ನೂ ಕೈಯ ಅಭ್ಯಾಸವನ್ನೂ ನೋಡಿ ಆರಿಸುವುದು ಮೇಲು. ಗ್ನೋಮ್ ಅಚ್ಚುಕಟ್ಟಾದುದು, ಆದರೆ ಮೆಮರಿ ಹೆಚ್ಚು ಬೇಕು. ವಿಂಡೋಸಿನಿಂದ ಬಂದವರಿಗೆ ಅದರ ನಡೆ ಹೊಸದು. ಕೆಡಿಇಯ ಪ್ಲಾಸ್ಮಾದಲ್ಲಿ ಬೇಕಾದಂತೆ ತಿದ್ದಿಕೊಳ್ಳುವ ಅವಕಾಶ ಬಹಳ. ಹೊಸಬರು ಆ ತಿದ್ದುವಿಕೆಯಲ್ಲಿಯೇ ಸಂಜೆ ಕಳೆಯುವುದುಂಟು. ಸಿನಮನ್ನಿನಲ್ಲಿ ಕೆಳಗೆ ಪಟ್ಟಿ, ಎಡಕ್ಕೆ ಮೆನು. ಗುಮಾಸ್ತೆಯ ಕೆಲಸ ಮಾಡಿದವರಿಗೆ ಕೂಡಲೇ ಒಗ್ಗುತ್ತದೆ. ಮಾಟೆ, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಈ ಮೂರೂ ಹಳೆಯ ಯಂತ್ರಕ್ಕೆ ಹಗುರ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಡೆಸ್ಕ್‌ಟಾಪ್ ಹಗುರವಾದ ಮಾತ್ರಕ್ಕೆ ಬ್ರೌಸರ್ ಹಗುರವಾಗದು. ಹತ್ತು ಪುಟಗಳನ್ನು ಒಟ್ಟಿಗೆ ತೆರೆದರೆ ಎರಡು ಗಿಗಾಬೈಟಿನ ಯಂತ್ರ ಯಾವ ಹಜಾರದಲ್ಲಿಯೂ ಏದುಸಿರು ಬಿಡುತ್ತದೆ. ಮೆಮರಿ ಹೆಚ್ಚಿಸಲು ಸಾಧ್ಯವಿದ್ದರೆ ಮೊದಲು ಅದನ್ನು ಮಾಡತಕ್ಕದ್ದು.

೪. ಮಾಡುವ ಕ್ರಮ

ಮೊದಲನೆಯದಾಗಿ, ಮುಖ್ಯ ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿರಿ. ಹೋಮ್ ಫೋಲ್ಡರಿಗೆ ಅಪಾಯವಿಲ್ಲವೆಂದು ಮೇಲೆ ಹೇಳಿದೆವು; ಆದರೂ ನಕಲು ಇರಬೇಕು.

ಎರಡನೆಯದಾಗಿ, ಆಗುವುದಾದರೆ ಹಾಕುವ ಮುನ್ನ ರುಚಿ ನೋಡಿರಿ. ಲಿನಕ್ಸ್ ಮಿಂಟ್ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ದೊರೆಯುತ್ತದೆ. ಬೇಕಾದುದನ್ನು ಬೇರೊಂದು ಪೆನ್‌ಡ್ರೈವಿಗೆ ಇಳಿಸಿ, ಯಂತ್ರವನ್ನು ಅದರಿಂದಲೇ ಆರಂಭಿಸಿದರೆ ಡಿಸ್ಕನ್ನು ಮುಟ್ಟದೆ ನೋಡಬಹುದು. ಪೆನ್‌ಡ್ರೈವಿನಿಂದ ನಡೆಯುವಾಗ ತುಸು ನಿಧಾನವೆಂಬುದನ್ನು ಮರೆಯಬಾರದು.

ಮೂರನೆಯದಾಗಿ, ಹೊಸದನ್ನು ಹಾಕುವುದು. ಉಬುಂಟು, ಡೆಬಿಯನ್, ಮಿಂಟ್ ಇವುಗಳಲ್ಲಿ ಟರ್ಮಿನಲ್ ತೆರೆದು ಸುಡೊ, ಆಪ್ಟ್, ಇನ್‌ಸ್ಟಾಲ್ ಎಂಬ ಪದಗಳನ್ನೂ ಅವುಗಳ ಮುಂದೆ ಎಕ್ಸ್‌ಎಫ್‌ಸಿಇ ಎಂಬುದಕ್ಕೆ ನಾಲ್ಕರ ಅಂಕಿ ಸೇರಿಸಿದ ಪದವನ್ನೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ತೆರಪು ಬಿಟ್ಟು ಹೊಡೆಯಬೇಕು. ಕೆಲವು ಸಲ ನಡುವೆ ಒಂದು ಪ್ರಶ್ನೆ ಬರುತ್ತದೆ: ಡಿಸ್‌ಪ್ಲೇ ಮ್ಯಾನೇಜರ್ ಯಾವುದಿರಲಿ ಎಂದು. ಹೆಸರು, ಗುಪ್ತಪದ ಕೇಳುವ ಹೆಬ್ಬಾಗಿಲಿಗೆ ಆ ಹೆಸರು. ಗ್ನೋಮಿನೊಡನೆ ಜಿಡಿಎಂ ಬರುತ್ತದೆ; ಲೈಟ್‌ಡಿಎಂ ಇನ್ನೊಂದು. ತಿಳಿಯದಿದ್ದರೆ ಹಳೆಯದನ್ನೇ ಇರಗೊಡಿರಿ.

ನಾಲ್ಕನೆಯದಾಗಿ, ಲಾಗ್ ಔಟ್ ಮಾಡಿ ಹೆಬ್ಬಾಗಿಲಿಗೆ ಬನ್ನಿರಿ. ಉಬುಂಟುವಿನಲ್ಲಿ ನಿಮ್ಮ ಹೆಸರನ್ನು ಒತ್ತಿದ ಮೇಲೆ ಕೆಳಗೆ ಬಲಮೂಲೆಯಲ್ಲಿ ಹಲ್ಲುಚಕ್ರದ ಗುರುತು ಕಾಣುತ್ತದೆ. ಅದನ್ನು ಒತ್ತಿದರೆ ಇರುವ ಡೆಸ್ಕ್‌ಟಾಪುಗಳ ಪಟ್ಟಿ ತೆರೆಯುತ್ತದೆ. ಹೊಸದನ್ನು ಆರಿಸಿ ಗುಪ್ತಪದ ಕೊಡಿರಿ. ಮೆಚ್ಚಿಗೆಯಾಗದಿದ್ದರೆ ಅದೇ ದಾರಿಯಿಂದ ಹಳೆಯದಕ್ಕೆ ಮರಳಬಹುದು.

೫. ನಮ್ಮ ತಪ್ಪು

ಇಷ್ಟನ್ನು ನಾವು ಒಂದು ಶನಿವಾರ ರಾತ್ರಿ ಮಾಡಿ ಮುಗಿಸಿದೆವು. ಯಂತ್ರ ಚುರುಕಾಯಿತು. ಆದರೆ ಮೆನುವಿನಲ್ಲಿ ಎಲ್ಲವೂ ಎರಡೆರಡು: ಎರಡು ಟರ್ಮಿನಲ್, ಎರಡು ಫೈಲ್ ಮ್ಯಾನೇಜರ್. ಹಳೆಯ ಗ್ನೋಮ್ ಇನ್ನೇಕೆಂದು ಅದನ್ನು ತೆಗೆಯುವಂತೆ ಆಜ್ಞೆ ಕೊಟ್ಟೆವು. ಯಂತ್ರವು ಉದ್ದನೆಯ ಪಟ್ಟಿಯೊಂದನ್ನು ತೋರಿಸಿ, ಇವೆಲ್ಲ ಹೋಗಲಿವೆ, ಒಪ್ಪಿಗೆಯೇ ಎಂದು ಕೇಳಿತು. ಓದದೆ ಒಪ್ಪಿದೆವು.

ಆ ಪಟ್ಟಿಯಲ್ಲಿ ಜಿಡಿಎಂ ಕೂಡ ಇದ್ದಿತು. ಅದು ಗ್ನೋಮ್ ಶೆಲ್ಲನ್ನು ಅವಲಂಬಿಸಿದುದು. ಶೆಲ್ ಹೋದರೆ ಅದೂ ಹೋಗುತ್ತದೆ. ಹಜಾರವನ್ನು ಕೆಡವಲು ಹೋಗಿ ಹೆಬ್ಬಾಗಿಲನ್ನೇ ಕಿತ್ತಂತಾಯಿತು. ಭಾನುವಾರ ಬೆಳಿಗ್ಗೆ ಯಂತ್ರ ತೆರೆದರೆ ಕಪ್ಪು ತೆರೆ, ನಾಲ್ಕು ಬಿಳಿಯ ಅಕ್ಷರ.

ಅದೇ ವೇಳೆಗೆ ಸದಸ್ಯರೊಬ್ಬರು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದರು. ಅವರ ಕೆಲಸದ ಅರ್ಜಿ ಹಿಂದಿನ ದಿನ ಇದೇ ಯಂತ್ರದಲ್ಲಿ ಸಿದ್ಧವಾಗಿದ್ದಿತು. ಕಳುಹಿಸಲು ಅಂದೇ ಕೊನೆಯ ದಿನ. ಪೆನ್‌ಡ್ರೈವಿಗೆ ನಕಲು ಮಾಡಿರಲಿಲ್ಲ. ಅವರು ಒಂದು ಮಾತನ್ನೂ ಆಡದೆ ಬೆಂಚಿನ ಮೇಲೆ ಕುಳಿತರು. ನಮಗೆ ಮುಖವೆತ್ತಿ ನೋಡಲಾಗಲಿಲ್ಲ.

ಪರಿಹಾರ ಕಷ್ಟದ್ದಾಗಿರಲಿಲ್ಲ, ಅದನ್ನು ತಿಳಿಯುವುದೇ ತಡವಾಯಿತು. ಕಂಟ್ರೋಲ್, ಆಲ್ಟ್, ಎಫ್೩ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಿಯ ಅಕ್ಷರಗಳ ತೆರೆ ಬರುತ್ತದೆ. ಅಲ್ಲಿ ಹೆಸರು, ಗುಪ್ತಪದ ಕೊಟ್ಟು ಒಳಹೋದೆವು. ಇಂಟರ್‌ನೆಟ್ ತಂತಿ ಸಿಕ್ಕಿಸಿ, ಮೊದಲಿನ ಆಜ್ಞೆಯಿಂದಲೇ ಲೈಟ್‌ಡಿಎಂ ಹಾಕಿ, ಯಂತ್ರವನ್ನು ಮತ್ತೆ ಆರಂಭಿಸಿದೆವು. ಬಾಗಿಲು ಬಂತು. ಅರ್ಜಿ ಹೋಮ್ ಫೋಲ್ಡರಿನಲ್ಲಿ ಒಂದಕ್ಷರವೂ ಕೆಡದೆ ಇದ್ದಿತು. ಮಧ್ಯಾಹ್ನ ಅದು ಹೋಯಿತು. ಆದರೆ ನಿದ್ದೆಗೆಟ್ಟ ಮನುಷ್ಯರೊಬ್ಬರು ನಾಲ್ಕು ಗಂಟೆ ಕಾದರು. ಆ ಋಣ ನಮ್ಮ ಮೇಲಿದೆ.

ಆದ್ದರಿಂದ ನಿಯಮವಿಷ್ಟು: ಹೊಸದನ್ನು ಸೇರಿಸುವುದರಲ್ಲಿ ಅಪಾಯ ಕಡಿಮೆ, ಹಳೆಯದನ್ನು ತೆಗೆಯುವುದರಲ್ಲಿ ಹೆಚ್ಚು. ಹೊಸದು ಒಂದು ತಿಂಗಳು ನಿಮ್ಮ ಕೆಲಸವನ್ನೆಲ್ಲ ಮಾಡಿ ತೋರಿಸುವ ತನಕ ಹಳೆಯದು ಇರಲಿ. ಡಿಸ್ಕಿನಲ್ಲಿ ಸ್ಥಳವಿದ್ದರೆ ಎಂದಿಗೂ ಇರಲಿ. ತೆಗೆಯಲೇಬೇಕಾದರೆ ಪಟ್ಟಿಯನ್ನು ಕೊನೆಯ ತನಕ ಓದಿರಿ. ಯಾರಿಗೂ ತುರ್ತು ಕೆಲಸವಿಲ್ಲದ ದಿನವನ್ನು ನೋಡಿ ತೆಗೆಯಿರಿ.

೬. ಕನ್ನಡ ಬರೆಯುವವರಿಗೆ

ಡೆಸ್ಕ್‌ಟಾಪ್ ಬದಲಾದ ಮೇಲೆ ಕನ್ನಡ ಮೂಡುವುದಿಲ್ಲವೆಂದು ಗಾಬರಿಪಡಬೇಡಿ. ಗ್ನೋಮಿನಲ್ಲಿ ಸೇರಿಸಿದ ಕನ್ನಡ ಕೀಲಿಮಣೆ ಗ್ನೋಮಿನ ಏರ್ಪಾಡಿನಲ್ಲಿ ಮಾತ್ರ ಉಳಿದಿರುತ್ತದೆ. ಎಕ್ಸ್‌ಎಫ್‌ಸಿಇಯಲ್ಲಿ ಸೆಟ್ಟಿಂಗ್ಸ್, ಕೀಬೋರ್ಡ್, ಲೇಔಟ್ ಎಂಬಲ್ಲಿಗೆ ಹೋಗಿ, ಸಿಸ್ಟಂ ಡಿಫಾಲ್ಟ್ ಬಳಸುವ ಗುರುತನ್ನು ತೆಗೆದು, ಭಾರತದ ಪಟ್ಟಿಯಲ್ಲಿರುವ ಕನ್ನಡ ಕಗಪ ವಿನ್ಯಾಸವನ್ನು ಸೇರಿಸಿರಿ. ಇಂಗ್ಲಿಷಿಗೂ ಕನ್ನಡಕ್ಕೂ ಹೊರಳುವ ಕೀಲಿಯನ್ನು ಅಲ್ಲಿಯೇ ಗೊತ್ತುಪಡಿಸಬಹುದು. ಊರಿಗೆ ಕಾಗದ ಬರೆಯುವವರು ಇದನ್ನು ಮೊದಲ ದಿನವೇ ಮಾಡಿಕೊಳ್ಳತಕ್ಕದ್ದು.

ಅಭ್ಯಾಸ

(ಅ) ನಿಮ್ಮ ಕಾಗದಪತ್ರಗಳು ಯಾವ ಫೋಲ್ಡರಿನಲ್ಲಿವೆ? ಕೊನೆಯ ನಕಲು ಎಂದು ಮಾಡಿದಿರಿ?
(ಆ) ನಿಮ್ಮ ಯಂತ್ರದ ಹೆಬ್ಬಾಗಿಲು ಜಿಡಿಎಂ ಆಗಿದ್ದರೆ, ಗ್ನೋಮನ್ನು ತೆಗೆಯುವ ಮುನ್ನ ಏನು ಮಾಡಬೇಕು?
(ಇ) ಹಳೆಯ ಡೆಸ್ಕ್‌ಟಾಪಿಗೆ ಮರಳುವ ದಾರಿಯನ್ನು ನೋಡದೆ ಹೇಳಿರಿ.

ಮೂರಕ್ಕೂ ಉತ್ತರ ಬಂದವರು ಧೈರ್ಯವಾಗಿ ಕೈ ಹಾಕಬಹುದು. ಬಾರದವರು ಪೆನ್‌ಡ್ರೈವ್ ಹಿಡಿದು ಭಾನುವಾರ ಸಂಜೆ ವಾಚನಾಲಯಕ್ಕೆ ಬನ್ನಿರಿ. ನಮ್ಮ ಯಂತ್ರದ ಮೇಲೆಯೇ ಒಟ್ಟಿಗೆ ಮಾಡಿ ನೋಡೋಣ.