ನೀರಿನಲ್ಲಿ ಕರಗುವ ಹರಳಿನ ಸಾಪೇಕ್ಷ ಸಾಂದ್ರತೆ



ಒಂದು ವಸ್ತುವಿನ ಸಾಂದ್ರತೆ ನೀರಿನ ಸಾಂದ್ರತೆಯ ಎಷ್ಟು ಪಟ್ಟು ಎಂಬುದೇ ಅದರ ಸಾಪೇಕ್ಷ ಸಾಂದ್ರತೆ. ಇದು ಬರೀ ಅನುಪಾತ, ಏಕಮಾನವಿಲ್ಲ. ಕಬ್ಬಿಣದ ತುಂಡನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿದರೆ ಉತ್ತರ ಸಿಗುತ್ತದೆ. ಆದರೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ನೀರಿನಲ್ಲಿ ಕರಗುತ್ತದೆ. ಅದನ್ನು ಅಳೆಯುವುದು ಹೇಗೆ?

ಈ ನೀಲಿ ಹರಳು ನಮ್ಮ ನಾಡಿಗೆ ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಇಂದಿಗೂ ಮಲೆನಾಡಿನ ತೋಟಗಳಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸೇರಿಸಿ ಅದನ್ನು ತಯಾರಿಸುತ್ತಾರೆ. ನೀರಿನಲ್ಲಿ ಕರಗುವ ಗುಣ ರೈತರಿಗೆ ಅನುಕೂಲ, ನಮ್ಮ ಪ್ರಯೋಗಕ್ಕೆ ತೊಡಕು.

ಪರಿಹಾರ ಸರಳ: ಹರಳು ಕರಗದ ದ್ರವವನ್ನು ಆರಿಸಿಕೊಳ್ಳಬೇಕು. ಚಾಮರಾಜಪುರಂನ ನಮ್ಮ ಪ್ರಯೋಗಾಲಯದಲ್ಲಿ ನಾನು ಸೀಮೆಎಣ್ಣೆಯನ್ನು ಕೊಡುತ್ತೇನೆ. ಮೊದಲು ಸೀಮೆಎಣ್ಣೆಗೆ ಹೋಲಿಸಿ ಹರಳನ್ನು ಅಳೆದು, ಆಮೇಲೆ ಸೀಮೆಎಣ್ಣೆಯ ಸಾಪೇಕ್ಷ ಸಾಂದ್ರತೆಯಿಂದ ಗುಣಿಸಿದರೆ ಆಯಿತು. ಸಾಪೇಕ್ಷ ಸಾಂದ್ರತೆಯ ಬಾಟಲಿಯನ್ನು ಬಿರಡೆಯ ಸಮೇತ ಐದು ಸಲ ತೂಗಬೇಕು. ಲೆಕ್ಕ ಸುಲಭವಾಗಲೆಂದು ಇಲ್ಲಿ ಸರಳ ಸಂಖ್ಯೆಗಳನ್ನು ಕೊಟ್ಟಿದ್ದೇನೆ.

1. ಒಣ ಖಾಲಿ ಬಾಟಲಿ: 18.20 ಗ್ರಾಂ
2. ಬಾಟಲಿ ಮತ್ತು ಹರಳು: 27.32 ಗ್ರಾಂ
3. ಬಾಟಲಿ, ಹರಳು, ಉಳಿದ ಜಾಗದ ತುಂಬ ಸೀಮೆಎಣ್ಣೆ: 44.12 ಗ್ರಾಂ
4. ಬಾಟಲಿ ತುಂಬ ಸೀಮೆಎಣ್ಣೆ ಮಾತ್ರ: 38.20 ಗ್ರಾಂ
5. ತೊಳೆದು ಒಣಗಿಸಿದ ಬಾಟಲಿಯ ತುಂಬ ನೀರು: 43.20 ಗ್ರಾಂ

ಬಾಟಲಿ ಹಿಡಿಯುವ ಸೀಮೆಎಣ್ಣೆ 20.00 ಗ್ರಾಂ, ನೀರು 25.00 ಗ್ರಾಂ. ಆದ್ದರಿಂದ ಸೀಮೆಎಣ್ಣೆಯ ಸಾಪೇಕ್ಷ ಸಾಂದ್ರತೆ 0.80. ಹರಳಿನ ತೂಕ 9.12 ಗ್ರಾಂ. ಹರಳಿದ್ದಾಗ ಬಾಟಲಿಗೆ ಹಿಡಿದ ಸೀಮೆಎಣ್ಣೆ 16.80 ಗ್ರಾಂ ಮಾತ್ರ. ಅಂದರೆ ಹರಳು 3.20 ಗ್ರಾಂ ಸೀಮೆಎಣ್ಣೆಯ ಜಾಗವನ್ನು ಆಕ್ರಮಿಸಿದೆ. 9.12ನ್ನು 3.20ರಿಂದ ಭಾಗಿಸಿದರೆ 2.85, ಅದನ್ನು 0.80ರಿಂದ ಗುಣಿಸಿದರೆ 2.28. ಪುಸ್ತಕಗಳಲ್ಲಿ ಕಾಣುವ ಬೆಲೆಯೂ ಸುಮಾರು ಇಷ್ಟೇ.

ಈ ಲೆಕ್ಕದ ನಾಜೂಕು ಇರುವುದು ಆ 3.20 ಗ್ರಾಂನಲ್ಲಿ. ಹರಳುಗಳ ನಡುವೆ ಸಿಕ್ಕ ಗಾಳಿಗುಳ್ಳೆಗಳಿಂದ 0.10 ಗ್ರಾಂ ಸೀಮೆಎಣ್ಣೆ ಕಡಿಮೆ ಹಿಡಿಯಿತೆನ್ನಿ, ಉತ್ತರ 2.21ಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲು ಅರ್ಧ ಬಾಟಲಿ ಸೀಮೆಎಣ್ಣೆ ಹಾಕಿ, ಮೆಲ್ಲಗೆ ಅಲುಗಾಡಿಸಿ, ಗುಳ್ಳೆಗಳು ಹೋದ ಮೇಲೆ ಪೂರ್ತಿ ತುಂಬಿಸಿ. ಹೊರಮೈಗೆ ಸೀಮೆಎಣ್ಣೆ ಅಂಟಿದ್ದರೆ ಮೂರನೆಯ ತೂಕ ಹೆಚ್ಚಾಗಿ ಉತ್ತರ ಏರುತ್ತದೆ; ಚೆನ್ನಾಗಿ ಒರೆಸಿ. ಅಂಗೈಯ ಬಿಸಿಗೆ ಸೀಮೆಎಣ್ಣೆ ಹಿಗ್ಗಿ ಬಿರಡೆಯ ರಂಧ್ರದಿಂದ ಹೊರಬರುತ್ತದೆ. ಬಾಟಲಿಯ ಕತ್ತನ್ನಷ್ಟೇ ಹಿಡಿಯಿರಿ.

ಒದ್ದೆ ಹರಳನ್ನು ಬೆಂಕಿಯಲ್ಲಿ ಒಣಗಿಸಬೇಡಿ. ಒತ್ತುಕಾಗದದ ನಡುವೆ ಒತ್ತಿದರೆ ಸಾಕು. ನೀಲಿ ಹರಳಿನ ಪ್ರತಿ ಸೂತ್ರಘಟಕದಲ್ಲಿ ಐದು ನೀರಿನ ಅಣುಗಳಿವೆ. ಚೆನ್ನಾಗಿ ಕಾಯಿಸಿದರೆ ಅವು ಹೊರಟುಹೋಗಿ ಬಿಳಿ ಪುಡಿ ಉಳಿಯುತ್ತದೆ. ಅದರ ಸಾಪೇಕ್ಷ ಸಾಂದ್ರತೆ ಸುಮಾರು 3.6. ಆಗ ನೀವು ಅಳೆಯುವುದು ಬೇರೆಯೇ ವಸ್ತುವನ್ನು! ಸೀಮೆಎಣ್ಣೆ ಇರುವ ಮೇಜಿನ ಹತ್ತಿರ ದೀಪ ಹಚ್ಚಲೂ ಬಾರದು.

ಇಂಥ ಅಳತೆಗೆ ದೊಡ್ಡ ಪರಂಪರೆಯಿದೆ. ಲೋಹ, ರತ್ನಗಳು ಹೊರಚೆಲ್ಲಿದ ನೀರನ್ನು ಅಲ್-ಬಿರೂನಿ ಸುಮಾರು ಸಾವಿರ ವರ್ಷಗಳ ಹಿಂದೆ ತೂಗಿದ್ದರು. ಅಲ್-ಖಾಜಿನಿ ಅಂಥ ಅಳತೆಗಳನ್ನು 1121ರ ಸುಮಾರಿಗೆ ಬರೆದ ಗ್ರಂಥದಲ್ಲಿ ಸೇರಿಸಿದರು. ಅದರ ಹೆಸರು ‘ಮೀಜಾನ್ ಅಲ್-ಹಿಕ್ಮಾ’, ವಿವೇಕದ ತಕ್ಕಡಿ. ಚಿನ್ನದಲ್ಲಿ ಬೆಳ್ಳಿ ಬೆರೆತಿದೆಯೇ ಎಂದು ಪತ್ತೆಹಚ್ಚುವುದು ಆ ತಕ್ಕಡಿಯ ಒಂದು ಉಪಯೋಗ. ಮೋಸ ಹಿಡಿಯುವ ಅಳತೆಯಲ್ಲೇ ಮೋಸ ಸೇರಿದರೆ ಪ್ರಯೋಜನವೇನು?

ಅದಕ್ಕೇ ನನ್ನದೊಂದು ಕೋರಿಕೆ. 2.28 ಎಂಬುದು ಮೊದಲೇ ಗೊತ್ತಿರುವುದರಿಂದ ಹಿಂದಿನಿಂದ ಲೆಕ್ಕ ಹಾಕಿ ತೂಕ ಬರೆಯುವ ಆಸೆ ಆಗಬಹುದು. ಹಾಗೆ ಮಾಡಬೇಡಿ. ತಕ್ಕಡಿ ತೋರಿಸಿದ್ದನ್ನು ಆಗಲೇ ಶಾಯಿಯಲ್ಲಿ ಬರೆಯಿರಿ. 2.21 ಬಂದರೆ 2.21 ಎಂದೇ ಬರೆದು, ಗುಳ್ಳೆ ಎಲ್ಲಿ ಉಳಿಯಿತೆಂದು ಹುಡುಕಿ, ಮತ್ತೆ ಅಳೆಯಿರಿ. ಪುಸ್ತಕದಿಂದ ನಕಲು ಮಾಡಿದ 2.28ಕ್ಕಿಂತ ಕಾರಣ ಸಮೇತ ಬರೆದ 2.21 ನಿಮಗೆ ಹೆಚ್ಚು ಕಲಿಸುತ್ತದೆ.