ಬೋಗಿಯ ಬೆಲೆ ಏರುತ್ತಿದೆ, ಪೆಟ್ಟಿಗೆ ಬಚ್ಚಿಡುತ್ತಿದ್ದೇನೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ವಯಸ್ಸು 47. ಷಿಕಾಗೊ ಪಕ್ಕದ ನೇಪರ್‌ವಿಲ್‌ಗೆ ಬಂದು ನೆಲೆಸಿ ಬಹಳ ವರ್ಷಗಳಾದವು. ಬೇಸ್‌ಮೆಂಟಿನಲ್ಲಿ ಎಚ್‌ಒ ಅಳತೆಯ ಮಾದರಿ ರೈಲು ಓಡಿಸುವುದು ನನ್ನ ಹವ್ಯಾಸ. ಹಳೆಯ ಕ್ಯಾಲಿಫೋರ್ನಿಯಾ ಝೆಫರ್ ರೈಲನ್ನು ಹನ್ನೊಂದೂ ಬೋಗಿಗಳ ಸಮೇತ ನಿಲ್ಲಿಸಬೇಕೆಂಬ ಆಸೆ. ಶುರು ಮಾಡಿದಾಗ ಬೋಗಿಗೆ ಐವತ್ತು, ಅರವತ್ತು ಡಾಲರ್ ಇತ್ತು. ಈಗ ನೂರು ದಾಟಿದೆ. ಒಂದು ಲಗೇಜ್ ಬೋಗಿ, ಗಾಜಿನ ಗುಮ್ಮಟದ ಮೂರು ಡೋಮ್ ಕೋಚ್, ಒಂದು ಡೋಮ್ ಬಫೆ, ಒಂದು ಸ್ಲೀಪರ್ ಬಂದಿವೆ. ಊಟದ ಬೋಗಿ, ಮೂರು ಸ್ಲೀಪರ್, ಕೊನೆಯ ಡೋಮ್ ಅಬ್ಸರ್ವೇಶನ್ ಬೋಗಿಗೆ ಪ್ರೀ-ಆರ್ಡರ್ ಕೊಟ್ಟಿದ್ದೇನೆ. ಈಗ ಬಿಟ್ಟರೆ ಮುಂದೆ ಇನ್ನೂ ದುಬಾರಿಯಾಗುತ್ತದೆ ಎಂಬ ಭಯ. ಹೆಂಡತಿಗೆ ಹೇಳಿಲ್ಲ. ‘ಈ ವಯಸ್ಸಿಗೆ ಆಟದ ರೈಲಾ’ ಅನ್ನುತ್ತಾಳೆ. ಬಂದ ಪೆಟ್ಟಿಗೆಗಳನ್ನು ವಾಟರ್ ಹೀಟರ್ ಹಿಂದೆ ಇಟ್ಟಿದ್ದೇನೆ. ಮಗಳು ಮುಂದಿನ ವರ್ಷ ಕಾಲೇಜಿಗೆ. ಹವ್ಯಾಸವನ್ನೇ ಬಿಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ಮೊದಲು ಆ ಪೆಟ್ಟಿಗೆಗಳನ್ನು ವಾಟರ್ ಹೀಟರ್ ಹಿಂದಿನಿಂದ ತೆಗೆಯಿರಿ. ಹೆಂಡತಿಯ ಕಣ್ಣಿಗೆ ಬೀಳುವ ಭಯ ಆಮೇಲಿನದು; ಶಾಖಕ್ಕೆ ಪ್ಲಾಸ್ಟಿಕ್ ಸೊಟ್ಟಗಾದರೆ ನೂರು ಡಾಲರಿನ ಬೋಗಿ ಹಳಿಯ ಮೇಲೆ ನಿಲ್ಲುವುದಿಲ್ಲ.

ಹವ್ಯಾಸ ಬಿಡುವಂಥದ್ದೇನೂ ಆಗಿಲ್ಲ. ಆದರೆ ‘ಈಗ ತೆಗೆದುಕೊಳ್ಳದಿದ್ದರೆ ಮತ್ತೆ ಸಿಗುವುದಿಲ್ಲ’ ಎಂಬ ಅವಸರ ನಿಮ್ಮನ್ನು ಆಡಿಸುತ್ತಿದೆ. ಅವಸರದಲ್ಲಿ ಕೊಂಡದ್ದನ್ನು ಹೇಳಲು ಮುಜುಗರ, ಮುಜುಗರಕ್ಕೆ ಬಚ್ಚಿಡುವುದು, ಬಚ್ಚಿಟ್ಟಿದ್ದಕ್ಕೆ ರಾತ್ರಿ ನಿದ್ದೆ ಇಲ್ಲ. ಆ ಅವಸರ ಎಲ್ಲಿಂದ ಬಂತೆಂದು ಸ್ವಲ್ಪ ವಿವರವಾಗಿ ನೋಡೋಣ. ಗೊತ್ತಾದರೆ ಅರ್ಧ ಇಳಿಯುತ್ತದೆ.

ಮೊದಲು ಬೆಲೆಯ ವಿಷಯ. ಗೂಡ್ಸ್ ಬೋಗಿಗೆ ಒಂದು ಅಚ್ಚು ಕೊರೆಸಿದರೆ ಅದಕ್ಕೇ ಹತ್ತಾರು ಕಂಪನಿಗಳ ಬಣ್ಣ, ಹೆಸರು, ನಂಬರು ಹಾಕಿ ವರ್ಷಗಟ್ಟಲೆ ಮಾರಬಹುದು. ಪ್ರಯಾಣಿಕರ ಬೋಗಿಯ ಕಥೆಯೇ ಬೇರೆ. ಝೆಫರ್‌ಗೆಂದು ಬಡ್ ಕಂಪನಿ ಕಟ್ಟಿದ ಆ ಸ್ಟೇನ್‌ಲೆಸ್ ಸ್ಟೀಲ್ ಬೋಗಿಗಳಲ್ಲಿ ಲಗೇಜಿನದು ಒಂದು ಆಕಾರ, ಊಟದ್ದು ಇನ್ನೊಂದು. ಸ್ಲೀಪರಿನಲ್ಲೇ ಕೋಣೆಗಳ ಲೆಕ್ಕ ಬದಲಾದರೆ ಕಿಟಕಿಗಳ ಜಾಗವೂ ಬದಲು. ಒಂದೊಂದಕ್ಕೂ ಬೇರೆ ಬೇರೆ ಉಕ್ಕಿನ ಅಚ್ಚು ಬೇಕು, ಕೊಳ್ಳುವವರು ಮಾತ್ರ ಬೆರಳೆಣಿಕೆಯಷ್ಟು ಜನ. ಜೊತೆಗೆ ಒಳಗಿನ ಸೀಟು, ಎಲ್‌ಇಡಿ ದೀಪ, ಡೋಮಿನ ಬಾಗಿದ ಗಾಜು, ಉಕ್ಕಿನಂತೆ ಹೊಳೆಯುವ ಲೇಪ. ಬಾಗಿಲ ಪಕ್ಕದ ಕೂದಲೆಳೆಯಂಥ ಹಿಡಿಕೆಗಳನ್ನು ಕಾರ್ಖಾನೆಯಲ್ಲಿ ಯಾರೋ ಚಿಮುಟದಲ್ಲಿ ಹಿಡಿದು ಒಂದೊಂದಾಗಿ ಕೂರಿಸಬೇಕು. ಹಿಂದೆ ಆ ಹಿಡಿಕೆಗಳು ಗೋಡೆಯ ಜೊತೆಗೇ ಅಚ್ಚಾಗಿ ಬರುತ್ತಿದ್ದವು. ಬಿಡಿಬಿಡಿಯಾಗಿರಲಿ ಎಂದು ಕೇಳಿದವರು ನಿಮ್ಮಂಥ ಗಿರಾಕಿಗಳೇ ಅಲ್ಲವೇ?

ಇದರ ಮೇಲೆ ಕಾರ್ಖಾನೆಯ ಸಂಕಷ್ಟ. ಈ ಮಾದರಿ ಬೋಗಿಗಳಲ್ಲಿ ಬಹುಪಾಲು ತಯಾರಾಗುವುದು ಚೀನಾದಲ್ಲಿ, ಅಲ್ಲಿ ಕೂಲಿ ವರ್ಷವರ್ಷವೂ ಏರಿದೆ. ಹಲವು ಬ್ರ್ಯಾಂಡ್‌ಗಳಿಗೆ ಮಾಲು ಮಾಡಿಕೊಡುತ್ತಿದ್ದ ಸಂದಾ ಕಾನ್ ಎಂಬ ದೊಡ್ಡ ಕಾರ್ಖಾನೆಯನ್ನು 2008-09ರ ಹೊತ್ತಿಗೆ ಬಾಕ್‌ಮನ್ ಬ್ರ್ಯಾಂಡಿನ ಒಡೆಯರಾದ ಹಾಂಗ್‌ಕಾಂಗ್‌ನ ಕೇಡರ್ ಕಂಪನಿ ಕೊಂಡಿತು. ಆಮೇಲೆ ಎಷ್ಟೋ ಕಂಪನಿಗಳು ಬೇರೆ ಕಾರ್ಖಾನೆ ಹುಡುಕಿಕೊಂಡು ಅಲೆದವು. 2021ರಲ್ಲಿ ಹಡಗಿನ ಬಾಡಿಗೆ ಗಗನಕ್ಕೇರಿತು. 2025ರ ಏಪ್ರಿಲ್‌ನಲ್ಲಿ ಚೀನಾ ಸರಕಿನ ಮೇಲೆ ಅಮೆರಿಕದ ಸುಂಕ ಶೇ 145ರವರೆಗೆ ಹೋಗಿ ಮೇ ತಿಂಗಳಲ್ಲಿ ಶೇ 30ಕ್ಕೆ ಇಳಿಯಿತು. ಹೀಗೆ ಎದ್ದುಬೀಳುವಾಗ ಯಾವ ಕಂಪನಿ ತಾನೇ ಧೈರ್ಯವಾಗಿ ಮಾಲು ಮಾಡಿ ಗೋದಾಮಿನಲ್ಲಿ ತುಂಬಿಟ್ಟುಕೊಳ್ಳುತ್ತದೆ? ಎಷ್ಟು ಆರ್ಡರ್ ಬಂತೋ ಹೆಚ್ಚುಕಡಿಮೆ ಅಷ್ಟೇ ಮಾಡಿ ಕೈತೊಳೆದುಕೊಳ್ಳುತ್ತಾರೆ. ಪ್ರೀ-ಆರ್ಡರ್ ಹುಟ್ಟಿದ್ದು ಅವರ ಜೇಬು ಕಾಯುವುದಕ್ಕೆ. ನಿಮ್ಮ ತಲೆಯಲ್ಲಿ ಅದು ‘ಇದೇ ಕೊನೆಯ ಅವಕಾಶ’ವಾಗಿ ಕೂತಿದೆ. ಹಾಗೇನೂ ಇಲ್ಲ. ಅಷ್ಟು ಖರ್ಚು ಮಾಡಿ ಕೊರೆಸಿದ ಅಚ್ಚನ್ನು ಯಾರೂ ಸುಮ್ಮನೆ ಎಸೆಯುವುದಿಲ್ಲ. ಬೇಡಿಕೆ ಇದ್ದರೆ ಕೆಲವು ವರ್ಷ ಬಿಟ್ಟು ಮತ್ತೆ ತೆಗೆಯುತ್ತಾರೆ. ಬೆಲೆ ಇಳಿದೀತು ಎಂದು ಮಾತ್ರ ನಾನು ಹೇಳಲಾರೆ.

ಈಗ ಟೇಪು ಹಿಡಿದು ಬೇಸ್‌ಮೆಂಟಿಗೆ ಇಳಿಯಿರಿ. 85 ಅಡಿಯ ಬೋಗಿ ಎಚ್‌ಒದಲ್ಲಿ, ಅಂದರೆ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಸುಮಾರು ಒಂದಡಿ ಉದ್ದ. ಹನ್ನೊಂದು ಬೋಗಿಗೆ ಹನ್ನೊಂದಡಿ, ಮುಂದೆ ಮೂರು ಇಂಜಿನ್ ಕಟ್ಟಿದರೆ ಹದಿಮೂರಡಿಯ ಹತ್ತಿರ. ಅಷ್ಟುದ್ದದ ರೈಲು ನಿಲ್ಲುವ ನೇರ ಹಳಿ ನಿಮ್ಮಲ್ಲಿದೆಯೇ? ತಿರುವು ಎಷ್ಟು ಇಂಚಿನದು? ಇಂಥ ಬೋಗಿಗೆ 24 ಇಂಚಿನ ತ್ರಿಜ್ಯ ಕನಿಷ್ಠ ಬೇಕು. ಅಷ್ಟಿದ್ದರೂ ತಿರುವಿನಲ್ಲಿ ಬೋಗಿಯ ಮೂಲೆಗಳು ಹಳಿ ಬಿಟ್ಟು ಹೊರಗೆ ಚಾಚಿ ನೋಡಲು ಅಸಹ್ಯವಾಗುತ್ತದೆ. 18 ಇಂಚಿನ ಸ್ಟಾರ್ಟರ್ ಸೆಟ್ ಹಳಿಯಾದರೆ ಉರುಳಿಯೇ ಬೀಳಬಹುದು. ಪೂರ್ತಿ ರೈಲು ಕೊಂಡು ಷೆಲ್ಫಿನ ಮೇಲೆ ಜೋಡಿಸಿಟ್ಟು ಸುಮ್ಮನಾದವರು ನಿಮ್ಮ ಬಳಗದಲ್ಲೇ ಇರುತ್ತಾರೆ, ಕೇಳಿ ನೋಡಿ.

‘ಪಟ್ಟದ ಗೊಂಬೆ ಜೋಡಿಯಾಗಿಯೇ ಇರಬೇಕು, ಝೆಫರ್ ಅರೆಬರೆ ಆಗಬಾರದು’ ಎನ್ನಬಹುದು ನೀವು. ಸರಿ, ಒಪ್ಪಿದೆ. ಆದರೆ ಇತಿಹಾಸವೇ ನಿಮಗೊಂದು ದಾರಿ ಬಿಟ್ಟುಕೊಟ್ಟಿದೆ. 1949ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾ ಝೆಫರ್ 1970ರ ಮಾರ್ಚ್‌ನಲ್ಲಿ ನಿಂತುಹೋಯಿತು. ಅದರ ಮೂರು ಪಾಲುದಾರ ಕಂಪನಿಗಳಲ್ಲಿ ಒಂದಾದ ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ಕಂಪನಿ 1971ರಲ್ಲಿ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆಯಾದ ಆಮ್‌ಟ್ರಾಕ್ ಸೇರಲು ಒಪ್ಪದೆ, ಅದೇ ಬೋಗಿಗಳಲ್ಲಿ ಕೆಲವನ್ನು ಇಟ್ಟುಕೊಂಡು ರಿಯೊ ಗ್ರಾಂಡೆ ಝೆಫರ್ ಎಂಬ ಚಿಕ್ಕ ರೈಲನ್ನು ಡೆನ್ವರ್‌ನಿಂದ ಬೆಟ್ಟಗಳ ಮೇಲೆ 1983ರ ಏಪ್ರಿಲ್‌ವರೆಗೆ ಓಡಿಸಿತು. ಆಮೇಲಷ್ಟೇ ಆಮ್‌ಟ್ರಾಕ್ ಆ ಹಳಿಗೆ ಬಂದು ಹಳೆಯ ಹೆಸರನ್ನು ಮತ್ತೆ ಇಟ್ಟಿತು. ನೇಪರ್‌ವಿಲ್ ಸ್ಟೇಷನ್ನಿನಲ್ಲಿ ಈಗ ನಿಲ್ಲುವ ರೈಲು ಅದೇ. ರಿಯೊ ಗ್ರಾಂಡೆಯದು ಹಗಲು ರೈಲು. ಅದಕ್ಕೆ ಮಲಗುವ ಬೋಗಿ ಬೇಕಿರಲಿಲ್ಲ. ನಿಮ್ಮ ಬಳಿ ಇರುವ ಡೋಮ್‌ಗಳ ಜೊತೆ ಊಟದ ಬೋಗಿ, ಕೊನೆಯ ಅಬ್ಸರ್ವೇಶನ್ ಬೋಗಿ ಬಂದರೆ ರೈಲು ಮುಗಿಯಿತು. ಕಿಟಕಿಯ ಮೇಲಿನ ಪಟ್ಟಿಯಲ್ಲಿ ‘ರಿಯೊ ಗ್ರಾಂಡೆ’ ಎಂದು ಬರೆಯಬೇಕು, ಅಷ್ಟೇ. ಅದಕ್ಕೆ ಅಂಟಿಸುವ ಡೆಕಾಲ್ ಸಾಕು, ಒಂದು ಭಾನುವಾರದ ಕೆಲಸ.

ಇನ್ನೂ ಬೋಗಿ ಬೇಕೆನಿಸಿದರೆ ಹೊಸದಕ್ಕೆ ಹೋಗಬೇಡಿ. ಪಕ್ಕದ ವೀಟನ್‌ನ ಡುಪೇಜ್ ಕೌಂಟಿ ಫೇರ್‌ಗ್ರೌಂಡ್ಸ್‌ನಲ್ಲಿ ರೈಲು ಮೇಳ ನಡೆಯುತ್ತದೆ. ಹಳಬರ ಸಂಗ್ರಹಗಳು ಅವರ ಕಾಲದ ನಂತರ ಇಂಥ ಮೇಜುಗಳಿಗೇ ಬರುತ್ತವೆ. ತಿರುಗಿಸಿ ಚಕ್ರ ನೋಡಿ: ರಿವರೊಸ್ಸಿ ಕಂಪನಿಯ ಹಳೆಯ ಬೋಗಿಗಳ ಚಕ್ರದ ಅಂಚು ಆಳ, ಈಗಿನ ತಗ್ಗು ಹಳಿಗಳಲ್ಲಿ ಕೆಳಗೆ ತಾಗುತ್ತದೆ. ಅಂಚು ತಗ್ಗಿರುವ ಚಕ್ರ ಹಾಕಿಕೊಂಡರೆ ಸರಿಹೋಗುತ್ತದೆ.

ಇನ್ನು ನಿಮ್ಮ ಮನೆಯವರು. ‘ಈ ವಯಸ್ಸಿಗೆ ಆಟದ ರೈಲಾ’ ಎಂಬ ಮಾತು ನಿಮಗೆ ಚುಚ್ಚಿದೆ, ನಿಜ. ಅದನ್ನೇ ನೆಪ ಮಾಡಿಕೊಂಡು ಅವರಿಂದ ಲೆಕ್ಕ ಮುಚ್ಚಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ರೈಲಿನ ಬಗ್ಗೆ ಅವರಿಗೆ ಆಸಕ್ತಿ ಹುಟ್ಟಿಸಲು ಹೋಗಬೇಡಿ. ಗಂಡಸರು ಇಲ್ಲೇ ಎಡವುತ್ತಾರೆ, ಡೋಮಿನ ಚರಿತ್ರೆ ಹೇಳುತ್ತಾ ಕೂತುಬಿಡುತ್ತಾರೆ. ಒಂದು ಹಾಳೆಯಲ್ಲಿ ಇದುವರೆಗೆ ಕೊಟ್ಟದ್ದು, ಇನ್ನು ಕೊಡಬೇಕಾದದ್ದು, ರದ್ದು ಮಾಡುವುದು ಎಷ್ಟು ಎಂದು ಬರೆದು ಮುಂದಿಡಿ. ‘ಹೇಳದೆ ಕೊಂಡೆ, ತಪ್ಪಾಯ್ತು. ಮಗಳ ಫೀಸು ತೆಗೆದಿಟ್ಟ ಮೇಲೆ ತಿಂಗಳಿಗೆ ನನಗೆ ಎಷ್ಟು ಎಂದು ನಾವಿಬ್ಬರೂ ಕೂತು ಗೊತ್ತುಮಾಡೋಣ’ ಎನ್ನಿ. ಅವರು ಸಿಟ್ಟಾಗಬಹುದು. ಆಗಲಿ, ಸಿಟ್ಟಾಗುವ ಹಕ್ಕು ಅವರಿಗಿದೆ; ನಡುವೆ ಬಾಯಿ ಹಾಕಬೇಡಿ.

ಅಂಗಡಿಗೆ ಈ ವಾರವೇ ಫೋನ್ ಮಾಡಿ ಮೂರು ಸ್ಲೀಪರ್‌ಗಳ ಆರ್ಡರ್ ರದ್ದುಮಾಡಿ. ಮುಂಗಡ ಕಟ್ಟಿಲ್ಲದಿದ್ದರೆ ಸಾಮಾನ್ಯವಾಗಿ ತಕರಾರು ಇರುವುದಿಲ್ಲ. ಮಾಲು ಅಂಗಡಿಗೆ ಬಂದ ಮೇಲೆ ಬೇಡವೆಂದರೆ ಅಂಗಡಿಯವನಿಗೆ ನಷ್ಟ, ಮುಂದಿನ ಸಲ ನಿಮ್ಮ ಆರ್ಡರ್ ಹಿಡಿಯಲು ಹಿಂದೆಮುಂದೆ ನೋಡುತ್ತಾನೆ. ಈಗಾಗಲೇ ಬಂದಿರುವ ಸ್ಲೀಪರನ್ನು ಪೆಟ್ಟಿಗೆ ಸಮೇತ ಜೋಪಾನವಾಗಿಟ್ಟು ಮೇಳದಲ್ಲಿ ಮಾರಿ. ಬೆಲೆ ಏರಿದ್ದು ಈ ಒಂದು ವಿಷಯಕ್ಕೆ ನಿಮ್ಮ ಪರವಾಗಿದೆ.